ಸಾಯೋವರೆಗೂ ಸೀಟು: ಕೆನಡಾ ಸೆನೆಟ್ ಬಗ್ಗೆ ನನ್ನ ತಕರಾರು

ನಮ್ಮ ಶಿರಾ ಕಡೆಯ ಚಂದ್ರ ಆರ್ಯ ಅವರು 2022ರಲ್ಲಿ ಕೆನಡಾ ಪಾರ್ಲಿಮೆಂಟಲ್ಲಿ ಕನ್ನಡದಲ್ಲಿ ಮಾತಾಡಿದ ವಿಡಿಯೋನ ಎಷ್ಟೊಂದು ಜನ ಶೇರ್ ಮಾಡಿದ್ವಿ ಅಲ್ವಾ, ಅದು ಕೆಳಮನೆ, ಜನ ಓಟು ಹಾಕಿ ಕಳಿಸೋ ಸದನ. ಅದೇ ಪಾರ್ಲಿಮೆಂಟಿಗೆ ಸೆನೆಟ್ ಅಂತ ಒಂದು ಮೇಲ್ಮನೆನೂ ಇದೆ, ಅಲ್ಲಿಗೆ ನೇರವಾಗಿ ಗೆದ್ದು ಹೋಗೋ ದಾರೀನೇ ಇಲ್ಲ. ಪ್ರಧಾನಿ ಹೆಸರು ಕೊಡ್ತಾರೆ, ಗವರ್ನರ್ ಜನರಲ್ ನೇಮಿಸ್ತಾರೆ. ಅದಕ್ಕಿಂತ ದೊಡ್ಡ ವಿಷಯ ಏನಂದ್ರೆ ಕೆನಡಾ ಒಕ್ಕೂಟ ಹುಟ್ಟಿದ 1867ರಿಂದ 1965ರವರೆಗೆ ಹೀಗೆ ಒಳಗೆ ಹೋದವರು ಜೀವ ಇರೋ ತನಕ ಸೆನೆಟರ್! ನಮ್ಮ ರಾಜ್ಯಸಭೆ, ವಿಧಾನ ಪರಿಷತ್ತಲ್ಲಿ ಆರು ವರ್ಷಕ್ಕೆ ಅವಧಿ ಮುಗಿಯುತ್ತೆ, ಅಲ್ಲಿ ಅವಧಿ ಅನ್ನೋದೇ ಇರಲಿಲ್ಲ. ನ್ಯೂ ಬ್ರನ್ಸ್‌ವಿಕ್‌ನ ಡೇವಿಡ್ ವಾರ್ಕ್ 1867ರಲ್ಲೇ ಬಂದು 1905ರಲ್ಲಿ ತೀರಿಕೊಳ್ಳೋವರೆಗೂ ಇದ್ರು, ಆಗ ಅವರಿಗೆ ನೂರು ದಾಟಿತ್ತು.

ಚುನಾವಣೆ ಅಂದ್ರೇನು ಅಂತ ಆ ಒಕ್ಕೂಟ ಕಟ್ಟಿದವರಿಗೆ ಗೊತ್ತಿಲ್ಲದೆ ಹೀಗೆ ಮಾಡಿದ್ದಲ್ಲ. 1856ರಿಂದ್ಲೇ ಆಗಿನ ಕೆನಡಾ ಪ್ರಾಂತ್ಯದ ಮೇಲ್ಮನೆಗೆ ಎಂಟು ವರ್ಷದ ಅವಧಿಗೆ ಚುನಾವಣೆ ನಡೀತಾ ಇತ್ತು. 1864ರಲ್ಲಿ ಒಕ್ಕೂಟ ಕಟ್ಟೋಕೆ ಕ್ವಿಬೆಕ್ ನಗರದಲ್ಲಿ ಕೂತ ನಾಯಕರು ಅದನ್ನ ಬಿಟ್ಟು ಆಜೀವ ನೇಮಕಕ್ಕೆ ಹೋದ್ರು. ಮೇಲ್ಮನೆಯವರೂ ಓಟು ಪಡೆದು ಬಂದ್ರೆ ಕೆಳಮನೆಗೇ ಸೆಡ್ಡು ಹೊಡೀತಾರೆ ಅನ್ನೋದು ಒಂದು ಭಯ, ಆಸ್ತಿ ಇರೋರನ್ನ ಕಾಪಾಡಬೇಕು ಅನ್ನೋದು ಇನ್ನೊಂದು. ಅದಕ್ಕೇ ಸೆನೆಟರ್ ಆಗೋಕೆ 4000 ಡಾಲರ್ ಬೆಲೆಯ ಜಮೀನು ಇರಬೇಕು ಅಂತ ಬರೆದಿಟ್ರು. ಆ ಷರತ್ತು ಎಷ್ಟು ಗಟ್ಟಿ ಅಂದ್ರೆ 1997ರಲ್ಲಿ ಪೆಗಿ ಬಟ್ಸ್ ಅನ್ನೋ ಕ್ರೈಸ್ತ ಸನ್ಯಾಸಿನಿಯನ್ನ ನೇಮಿಸಿದಾಗ, ಸ್ವಂತಕ್ಕೆ ಏನೂ ಇಟ್ಟುಕೊಳ್ಳಲ್ಲ ಅಂತ ವ್ರತ ತೊಟ್ಟಿದ್ದ ಅವರ ಹೆಸರಿಗೆ ಅವರ ಸಂಸ್ಥೆಯೇ ಒಂದು ತುಂಡು ಜಾಗ ಬರೆದುಕೊಡಬೇಕಾಯ್ತು.

ಆಜೀವ ನೇಮಕದ ಪರ ಇರೋರು ಯಾವಾಗ್ಲೂ ಹೇಳೋದು ಒಂದೇ, ಸೀಟು ಹೋಗೋ ಭಯ ಇಲ್ಲದವರು ಯಾರ ಹಂಗೂ ಇಲ್ಲದೆ ಯೋಚನೆ ಮಾಡ್ತಾರೆ ಅಂತ. ಸರಿ, ಆದ್ರೆ 1926ರಲ್ಲಿ ಏನಾಯ್ತು ನೋಡಿ. ಎಪ್ಪತ್ತು ದಾಟಿದ ಬಡವರಿಗೆ ತಿಂಗಳಿಗೆ ಹೆಚ್ಚಂದ್ರೆ 20 ಡಾಲರ್ ಪಿಂಚಣಿ ಕೊಡೋ ಮಸೂದೆ, ಕಾರ್ಮಿಕರ ಪರ ಸಂಸದ ವುಡ್ಸ್‌ವರ್ತ್ ಅಂಥವರು ಪಟ್ಟು ಹಿಡಿದು ಪ್ರಧಾನಿ ಮೆಕೆಂಜಿ ಕಿಂಗ್ ಕೈಯಲ್ಲಿ ತರಿಸಿದ್ದು, ಕೆಳಮನೇಲಿ ಪಾಸ್ ಆಗಿ ಸೆನೆಟ್‌ಗೆ ಬಂತು, ಸೆನೆಟ್ ಅದನ್ನ ಬಿಸಾಕ್ತು. ತಮಗೆ ಸಾಯೋವರೆಗೂ ಸೀಟು, ಸಂಬಳ ಗ್ಯಾರಂಟಿ ಇದ್ದವರು ಮುದುಕರ ಆ 20 ಡಾಲರ್‌ಗೆ ಅಡ್ಡ ನಿಂತ್ರು! ಅದನ್ನ ಓದಿದಾಗ ನನಗೆ ನಿಜವಾಗ್ಲೂ ಸಿಟ್ಟು ಬಂತು. ಮತ್ತೆ ಚುನಾವಣೆ ನಡೆದು ಕಿಂಗ್ ಗೆದ್ದು ಬಂದ ಮೇಲೆ 1927ರಲ್ಲಿ ಅದು ಕಾನೂನಾಯ್ತು, ಅಂದ್ರೆ ಸೆನೆಟ್‌ನ ಬಗ್ಗಿಸಿದ್ದು ಜನರ ಓಟೇ.

ಹೆಂಗಸರ ಕಥೆ ಇನ್ನೂ ನೋವಿನದ್ದು. ಅವರು ಸೆನೆಟರ್ ಆಗೋಕೆ ಅರ್ಹರೇ ಅಲ್ಲ ಅಂತ ಕೆನಡಾ ಸುಪ್ರೀಂ ಕೋರ್ಟ್ 1928ರಲ್ಲಿ ಹೇಳ್ತು, ಆಲ್ಬರ್ಟಾದ ಐದು ಜನ ಹೆಂಗಸರು ಆಗ ಕೆನಡಾಕ್ಕೆ ಕೊನೆಯ ಮೇಲ್ಮನವಿ ಕೋರ್ಟ್ ಆಗಿದ್ದ ಲಂಡನ್‌ನ ಪ್ರಿವಿ ಕೌನ್ಸಿಲ್‌ವರೆಗೂ ಹೋಗಿ 1929ರಲ್ಲಿ ಗೆದ್ರು. 1930ರಲ್ಲಿ ಕೈರಿನ್ ವಿಲ್ಸನ್ ಮೊದಲ ಮಹಿಳಾ ಸೆನೆಟರ್, 1935ರಲ್ಲಿ ಇನ್ನೊಬ್ಬರು, ಆಮೇಲೆ 1953ರವರೆಗೆ ಹೊಸದಾಗಿ ಒಬ್ಬರೂ ಇಲ್ಲ. ನೇಮಿಸೋ ಪ್ರಧಾನಿಗಳ ಮನಸ್ಸು ಒಂದು ಕಾರಣ, ಆದ್ರೆ ಒಳಗಿರೋರು ಸತ್ರೆ ಇಲ್ಲಾ ರಾಜೀನಾಮೆ ಕೊಟ್ರೆ ಮಾತ್ರ ಸೀಟು ಖಾಲಿ ಆಗೋ ಕಡೆ ಹೊಸಬರಿಗೆ ಜಾಗ ಎಲ್ಲಿಂದ ಬರಬೇಕು? ಆ ಕೇಸಿನ ಮುಂಚೂಣಿಯಲ್ಲಿದ್ದ ಎಮಿಲಿ ಮರ್ಫಿಗೆ ಕೊನೆವರೆಗೂ ಸೀಟು ಸಿಗಲಿಲ್ಲ, 1933ರಲ್ಲಿ ತೀರಿಕೊಂಡ್ರು. ಆ ಐವರಿಗೂ ಗೌರವ ಸೆನೆಟರ್ ಪಟ್ಟ ಬಂದಿದ್ದು 2009ರಲ್ಲಿ.

ಹಾಗಂತ ನೇಮಕಾನೇ ಬೇಡ ಅಂತ ನಾನು ಹೇಳಲ್ಲ. 1958ರಲ್ಲಿ ಮೂಲನಿವಾಸಿ ಸಮುದಾಯದ ಜೇಮ್ಸ್ ಗ್ಲಾಡ್‌ಸ್ಟೋನ್ ಸೆನೆಟರ್ ಆದಾಗ, ಅವರ ಜನರಲ್ಲಿ ಹೆಚ್ಚಿನವರಿಗೆ ದೇಶದ ಚುನಾವಣೆಯಲ್ಲಿ ಓಟೇ ಇರಲಿಲ್ಲ, ಅದು ಬಂದಿದ್ದು 1960ರಲ್ಲಿ. ಚುನಾವಣೆ ದಾರೀಲಿ ಅವರು ಅಲ್ಲಿಗೆ ಹೋಗೋದು ಸಾಧ್ಯಾನೇ ಇರಲಿಲ್ಲ. ಹಾಗಾಗಿ ನನ್ನ ಜಗಳ ನೇಮಕದ ಮೇಲಲ್ಲ, ಕೊನೆ ದಿನಾಂಕ ಇಲ್ಲದ ನೇಮಕದ ಮೇಲೆ.

1965ರಲ್ಲಿ ಕೊನೆಗೂ 75ಕ್ಕೆ ನಿವೃತ್ತಿ ಅಂತ ತಿದ್ದುಪಡಿ ಮಾಡಿದ್ರು, ಆದ್ರೆ ಆಗ್ಲೇ ಒಳಗಿದ್ದವರಿಗೆ ಅದು ಕಡ್ಡಾಯ ಅಲ್ಲ. ಹೀಗಾಗಿ 1960ರಲ್ಲಿ ಬಂದ ಜಾನ್ ಮೈಕಲ್ ಮ್ಯಾಕ್‌ಡೊನಾಲ್ಡ್ ತೊಂಬತ್ತು ದಾಟಿ 1997ರಲ್ಲಿ ಸಾಯೋವರೆಗೂ ಸೆನೆಟರ್ ಆಗೇ ಇದ್ರು. ಕಾನೂನು ಬದಲಾಗಿ ಮೂವತ್ತೆರಡು ವರ್ಷ ಆದ್ಮೇಲೂ!

ಈಗ್ಲೂ ಮೂವತ್ತು ವರ್ಷಕ್ಕೆ ನೇಮಕ ಆದವರು ನಲವತ್ತೈದು ವರ್ಷ ಕೂರಬಹುದು, ಜನರನ್ನ ಒಂದ್ಸಲನೂ ಕೇಳದೆ. ನನ್ನ ಕೇಳಿದ್ರೆ ಹತ್ತೋ ಹನ್ನೆರಡೋ ವರ್ಷ, ಎರಡನೇ ಸಲ ಇಲ್ಲ, ಅಷ್ಟು ಸಾಕು. ಮತ್ತೆ ಕೊಡಿ ಅಂತ ಕೇಳೋ ಹಾಗಿಲ್ಲ ಅಂದ್ರೆ ಪ್ರಧಾನಿನ ಮೆಚ್ಚಿಸೋ ಅಗತ್ಯಾನೂ ಇರಲ್ಲ, ಸ್ವತಂತ್ರ ಯೋಚನೆ ಬೇಕು ಅನ್ನೋರ ವಾದಕ್ಕೂ ಅದೇ ಉತ್ತರ. ಆಗಿನ ಪ್ರಧಾನಿ ಹಾರ್ಪರ್ ಅವರ ಸರ್ಕಾರ ಒಂಬತ್ತು ವರ್ಷದ ಅವಧಿ ತರೋಕೆ ಹೊರಟಿತ್ತು, ಆದ್ರೆ 2014ರಲ್ಲಿ ಸುಪ್ರೀಂ ಕೋರ್ಟ್, ಇದು ಪಾರ್ಲಿಮೆಂಟ್ ಒಂದೇ ಮಾಡೋ ಕೆಲಸ ಅಲ್ಲ, ಒಟ್ಟು ಸೇರಿ ದೇಶದ ಅರ್ಧದಷ್ಟಾದ್ರೂ ಜನಸಂಖ್ಯೆ ಇರೋ ಕನಿಷ್ಠ ಏಳು ಪ್ರಾಂತ್ಯಗಳು ಒಪ್ಪಬೇಕು ಅಂತು. ಕಷ್ಟ ಹೌದು, ಆದ್ರೆ ಆಗದ ಕೆಲಸ ಏನಲ್ಲ. ಟೊರೊಂಟೊ, ಕ್ಯಾಲ್ಗರಿ ಕಡೆ ಇರೋ ನಮ್ಮ ಕನ್ನಡದ ಗೆಳೆಯರು ಅಲ್ಲಿ ಓಟು ಇದ್ರೆ ನಿಮ್ಮ ಪ್ರಾಂತ್ಯದ ಶಾಸಕರನ್ನ ಇದೊಂದು ಕೇಳಿ, ಸೆನೆಟರ್‌ಗಳಿಗೆ ಅವಧಿ ಹಾಕೋ ತಿದ್ದುಪಡಿ ಬಂದ್ರೆ ನಿಮ್ಮ ಓಟು ಯಾವ ಕಡೆಗೆ ಅಂತ.