ಅವನು ಬಸ್ಕಿ ಹೊಡೆದು ಹೋದ

ರಾತ್ರಿ ಹನ್ನೊಂದು ದಾಟಿತ್ತು. ಮನೆಯವರೆಲ್ಲ ಮಲಗಿದ್ದರು. ಜೋಳದ ಹೊಲದ ನಡುವೆ ನಾನು ನನ್ನ ಪಾಡಿಗೆ ಜನರೇಟರ್ ರಿಪೇರಿ ಮಾಡುತ್ತ ಕುಳಿತಿದ್ದೆ. ನಮ್ಮ ಪಕ್ಷದವನೇ ಒಬ್ಬ ಎಲ್ಲಿಂದಲೋ ಓಡಿಬಂದು ಎದುರು ನಿಂತ. ಎರಡು ಬಸ್ಕಿ ಹೊಡೆದ. ನೆಲ ನೋಡಿದ, ಆಕಾಶ ನೋಡಿದ, ಬಂದ ದಾರಿಯಲ್ಲೇ ಓಡಿಹೋದ.

ಅಷ್ಟೇ ನಡೆದದ್ದು. ಆದರೆ ಬೆಳಿಗ್ಗೆ ದೋಸೆ ಹುಯ್ಯುವಾಗಲೂ ತಲೆಯಲ್ಲಿ ಅದೇ. ಏನು ಹೇಳಲು ಬಂದಿದ್ದ ಆ ಮಹಾನುಭಾವ? ಕೊಲೆಗಾರ ಇತ್ತಲೇ ಬರುತ್ತಿದ್ದಾನೆ, ಏಳು ಎಂದೇ? ಕೊಲೆಗಾರ ಬರಲಿಲ್ಲ. ಗಾಯವಾಗಿದೆ, ಮದ್ದು ಹಾಕು ಎಂದೇ? ಅವನಿಗೆ ಗಾಯವೇ ಆಗಿರಲಿಲ್ಲ. ಸುಮ್ಮನೆ ನಮಸ್ಕಾರ ಹೇಳಿ ಹೋಗಲು ಪ್ರಾಣಭಯದ ನಡುವೆ ಅಷ್ಟು ದೂರ ಓಡಿಬಂದನೆಂದರೆ ಅದು ನಂಬುವ ಮಾತಲ್ಲ. ಯಜಮಾನರು ಎರಡನೇ ದೋಸೆ ಸೀದಿದೆ ಎಂದರು. ಸೀಯಲಿ.

ಡೆಡ್ ಬೈ ಡೇಲೈಟ್ ಎಂಬ ವಿಡಿಯೋ ಗೇಮ್ ಆಡುವವರಿಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ, ಆಡದವರಿಗೆ ವಿವರಿಸಿ ಪ್ರಯೋಜನವಿಲ್ಲ. ಐವತ್ತು ದಾಟಿದ ಹೆಂಗಸು ಇಂಥದ್ದನ್ನು ಏಕೆ ಆಡುತ್ತಾಳೆ ಎಂಬ ಪ್ರಶ್ನೆಗೆ ಉತ್ತರ ಕೊಡುವುದನ್ನಂತೂ ನಾನು ಬಿಟ್ಟುಬಿಟ್ಟಿದ್ದೇನೆ. 2016ರಲ್ಲಿ ಕೆನಡಾದ ಮಾಂಟ್ರಿಯಲ್‌ನವರು ಈ ಆಟ ಹೊರತಂದಾಗ ಕೊಲೆಗಾರನ ಕೈಗೆ ಸಿಗದೆ ಜನರೇಟರ್‌ಗಳನ್ನು ರಿಪೇರಿ ಮಾಡಿ ಗೇಟು ತೆರೆದು ಪಾರಾಗಬೇಕಾದ ನಾಲ್ವರಿಗೆ ಬಾಯಿ ಕೊಡಲಿಲ್ಲ. ಆಟ ನಡೆಯುವಾಗ ಮಾತಾಡುವಂತಿಲ್ಲ, ಬರೆಯುವಂತಿಲ್ಲ. ಕೊಟ್ಟದ್ದು ಎರಡೇ ಸನ್ನೆ: ಬೆರಳು ಚಾಚಿ ತೋರಿಸುವುದು, ಕೈಬೀಸಿ ಕರೆಯುವುದು. ಬೆರಳು ಚಾಚಿದವನು 'ಅಲ್ಲಿ ಜನರೇಟರ್ ಇದೆ, ಹೋಗು' ಎನ್ನುತ್ತಿದ್ದಾನೋ, 'ಅಲ್ಲಿ ಕೊಲೆಗಾರ ಇದ್ದಾನೆ, ಹೋಗಬೇಡ' ಎನ್ನುತ್ತಿದ್ದಾನೋ, ಹೋಗಿ ನೋಡಿದ ಮೇಲೆಯೇ ತಿಳಿಯುವುದು.

ಈ ಎರಡು ಸಾಲದೆ ಆಡುವವರು ಮೂರನೆಯದನ್ನು ತಾವೇ ಮಾಡಿಕೊಂಡರು. ಪೊದೆಯ ಹಿಂದೆ ಅಡಗಲೆಂದು ಕೊಟ್ಟ ಕುಕ್ಕರಿಸುವ ಗುಂಡಿಯನ್ನು ಪಟಪಟ ಒತ್ತಿದರೆ ಬಸ್ಕಿ. ಕೊಲೆಗಾರ ಹಿಡಿದವರನ್ನು ನೇತುಹಾಕುವ ಕೊಕ್ಕೆಯಿಂದ ಇಳಿಸಿದವರ ಮುಂದೆ ಹೊಡೆದರೆ ಉಪಕಾರವಾಯಿತು ಎಂದು. ರಕ್ತ ಸುರಿಸಿಕೊಂಡು ಬಂದು ಹೊಡೆದರೆ ಮದ್ದು ಹಾಕು ಎಂದು. ಕೊಲೆಗಾರನನ್ನು ತಂದು ನಮ್ಮ ತಲೆಗೆ ಕಟ್ಟಿ ಹೊಡೆದರೆ ಕ್ಷಮಿಸು ಎಂದು. ಇಲ್ಲಿ ಮಾಟಕ್ಕೆ ನೆಟ್ಟ ಮೂಳೆಯ ಟೋಟೆಮ್ ಇದೆ, ಮುರಿ ಎಂಬುದಕ್ಕೂ ಅದೇ. ಗೆದ್ದು ಗೇಟಿನಲ್ಲಿ ನಿಂತು ಕೊಲೆಗಾರನ ಮುಖದೆದುರು ಹೊಡೆದರೆ ಶುದ್ಧ ಅಣಕ. ಚಿಕ್ಕವಳಿದ್ದಾಗ ನಾನೂ ಗಣಪತಿಯ ಮುಂದೆ ಕಿವಿ ಹಿಡಿದು ಬಸ್ಕಿ ಹೊಡೆದವಳೇ, ಅದು ಭಕ್ತಿ. ಶಾಲೆಯಲ್ಲಿ ಹೊಡೆಸಿದರೆ ಶಿಕ್ಷೆ. ಯಾವುದು ಯಾವುದೆಂಬ ಗೊಂದಲ ಆಗ ಇರಲಿಲ್ಲ, ಗಣಪತಿಯೂ ಹೆಡ್‌ಮಾಸ್ಟರೂ ಒಂದೇ ಕೋಣೆಯಲ್ಲಿ ಕೂರುತ್ತಿರಲಿಲ್ಲವಲ್ಲ.

ಕೊಕ್ಕೆಗೆ ನೇತುಹಾಕಿಸಿಕೊಂಡವರ ಪಾಡು ಇನ್ನೂ ಕಷ್ಟ. ಅವರಿಗೆ ಬಸ್ಕಿಯೂ ಇಲ್ಲ. ಬಹುಕಾಲ ತಾವೇ ಬಿಡಿಸಿಕೊಳ್ಳಲು ಒದ್ದಾಡಬಹುದಿತ್ತು, ಗೆಲ್ಲುವ ಸಾಧ್ಯತೆ ನೂರಕ್ಕೆ 4ರಷ್ಟೇ ಇತ್ತು. ಆ ಒದ್ದಾಟವನ್ನೇ ಜನ ಸನ್ನೆ ಮಾಡಿಕೊಂಡಿದ್ದರು. 'ಬನ್ನಿ, ಇಲ್ಲಿ ಯಾರೂ ಇಲ್ಲ' ಎನ್ನಲು ಒದ್ದಾಡುವವರದ್ದು ಒಂದು ಪಂಗಡ. 'ಬರಬೇಡಿ, ಇಲ್ಲೇ ನಿಂತಿದ್ದಾನೆ' ಎನ್ನಲು ಒದ್ದಾಡುವವರದ್ದು ಇನ್ನೊಂದು. 'ನಿಮ್ಮ ಸಹವಾಸ ಸಾಕು, ನಾನು ಸಾಯುತ್ತೇನೆ' ಎಂದು ಒದ್ದಾಡುವವರೂ ಇದ್ದರು, ಒದ್ದಾಡಿ ಸೋತಷ್ಟೂ ಆಯುಷ್ಯ ಬೇಗ ಕರಗುತ್ತಿತ್ತು. ದೂರದ ಮರದ ಹಿಂದೆ ನಿಂತು ನೋಡುವವಳಿಗೆ ಮೂರೂ ಒಂದೇ ಒದ್ದಾಟ.

ಇದರಲ್ಲಿ ಮನುಷ್ಯರ ಒಡನಾಟದ ಬಗ್ಗೆ ಒಂದು ಮುಖ್ಯವಾದ ಮಾತು ಇದೆ ಎಂದು ನನಗೆ ಬಲವಾಗಿ ಅನ್ನಿಸಿದೆ. ಅದಕ್ಕೆ ಬರುತ್ತೇನೆ. ಅದಕ್ಕೆ ಮೊದಲು ನನ್ನ ಸೋದರಮಾವನ ವಿಷಯ ಹೇಳಿಬಿಡಬೇಕು.

ತೀರ್ಥಹಳ್ಳಿಯ ಕಡೆ ಮಾವನ ಮನೆ. ಚೌತಿಯ ರಾತ್ರಿ ಜಗಲಿಯಲ್ಲಿ ಇಪ್ಪತ್ತೆಂಟು ಆಡುವುದು ಅಲ್ಲಿ ಪ್ರತಿ ವರ್ಷದ ಪದ್ಧತಿ. ಗೊತ್ತಿಲ್ಲದವರಿಗೆ ಇಷ್ಟು ಸಾಕು: 32 ಎಲೆ, ನಾಲ್ವರು, ಎದುರುಬದುರು ಕೂತವರು ಜೋಡಿ. ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಎಲ್ಲ ಕೂಡಿದರೆ ಇಪ್ಪತ್ತೆಂಟು. ರಾಜ ರಾಣಿಯರಿಗೆ ಮೂರು ಕಾಸಿನ ಬೆಲೆಯಿಲ್ಲ. ಮೊದಲು ಕೈಗೆ ಬರುವುದು ನಾಲ್ಕೇ ಎಲೆ. ಅಷ್ಟು ನೋಡಿಯೇ ಇಷ್ಟು ಅಂಕ ಎತ್ತುತ್ತೇನೆ ಎಂದು ಕೂಗಬೇಕು, ಹೆಚ್ಚು ಕೂಗಿದವರು ತುರುಪನ್ನು ಮುಚ್ಚಿಡಬೇಕು. ಜೋಡಿಯ ಕೈಯಲ್ಲಿ ಏನಿದೆ ಎಂದು ತಿಳಿದರೆ ಕೂಗಲು ಧೈರ್ಯ. ತಿಳಿಸುವುದು ಮೋಸ. ಆದ್ದರಿಂದ ಎಲ್ಲರೂ ತಿಳಿಸುತ್ತಿದ್ದರು.

ಮಾವನ ಜೋಡಿ ಊರ ಶಾಲೆಯ ಮೇಷ್ಟರು. ಅವರಿಬ್ಬರ ಒಪ್ಪಂದ ಹೀಗಿತ್ತು: ಆಟಿನ್ ಗುಲಾಮ ಇದ್ದರೆ ಕಿವಿ ಕೆರೆಯುವುದು, ಇಸ್ಪೀಟಾದರೆ ಮೂಗು, ಕಳಾವರ್ ಆದರೆ ಗಂಟಲು, ಡೈಮನ್ ಆದರೆ ಮಂಡಿ. ಒಪ್ಪಂದ ಆದದ್ದು ಬೇಸಿಗೆಯಲ್ಲಿ. ಚೌತಿ ಬರುವುದು ಮಳೆಗಾಲದಲ್ಲಿ. ಮಲೆನಾಡಿನ ಮಳೆಗಾಲದ ಸೊಳ್ಳೆಗಳಿಗೆ ಈ ಒಪ್ಪಂದದ ಸುದ್ದಿ ತಲುಪಿರಲಿಲ್ಲ.

ಆ ವರ್ಷ ಕರೆಂಟು ಹೋಗಿತ್ತು. ಲಾಟೀನಿನ ಸುತ್ತ ಕೂತಿದ್ದರು. ಎದುರು ಪಕ್ಷದಲ್ಲಿ ಪಟೇಲರು ಮತ್ತು ಅವರ ಅಳಿಯ. ಕಾಫಿ ಲೋಟಗಳನ್ನು ಹಿಡಿದು ಮಾವನ ಬೆನ್ನ ಹಿಂದೆ ನಿಂತಿದ್ದ ನನಗೆ ಅವರ ಎಲೆಗಳು ಕಾಣುತ್ತಿದ್ದವು: ಆಟಿನ್ ಒಂಬತ್ತು, ಎಕ್ಕ, ಹತ್ತು, ಜೊತೆಗೊಂದು ಕೆಲಸಕ್ಕೆ ಬಾರದ ಏಳು. ಪಟೇಲರು ಹದಿನಾರು ಎಂದರು. ಮೇಷ್ಟರು ಫಟ್ಟನೆ ತಮ್ಮ ಕಿವಿಗೆ ಹೊಡೆದುಕೊಂಡರು. ಹೊಡೆದುಕೊಂಡದ್ದು ಸಾಲದೆಂದು ಆಮೇಲೆ ನಿಧಾನವಾಗಿ, ಸುಖವಾಗಿ ಕೆರೆದುಕೊಂಡರು. ಮಾವನ ಬೆನ್ನು ನೆಟ್ಟಗಾಯಿತು. ಹದಿನೇಳಿಲ್ಲ, ಹದಿನೆಂಟಿಲ್ಲ, ಒಂದೇ ಸಲಕ್ಕೆ ಇಪ್ಪತ್ಮೂರು ಎಂದು ಕೂಗಿ ಆಟಿನ್ ಮುಚ್ಚಿಟ್ಟರು. ಪಟೇಲರು ಏನೂ ಹೇಳದೆ ಕವಳ ಹಾಕಿಕೊಂಡರು. ತುರುಪು ಬಿಚ್ಚಿದಾಗ ಆಟಿನ್ ಗುಲಾಮ ಹೊರಬಿದ್ದದ್ದು ಪಟೇಲರ ಅಳಿಯನ ಕೈಯಿಂದ. ಮೇಷ್ಟರ ಬಳಿ ಆಟಿನ್ ಒಂದೂ ಇರಲಿಲ್ಲ.

"ಸೊಳ್ಳೆ ಕಚ್ಚಿತು" ಎಂದರು ಮೇಷ್ಟರು.

"ಸೊಳ್ಳೆ ಕಚ್ಚಿದರೆ ಹೊಡೆಯುವುದು ಸರಿ ಮೇಷ್ಟರೇ, ಕೆರೆದದ್ದು ಯಾಕೆ? ಕೆರೆಯುವುದೇ ಅಲ್ಲವೇ ನಮ್ಮ ಲೆಕ್ಕ?"

"ಕಚ್ಚಿದ ಜಾಗ ಕೆರೆಯದೆ ಅದಕ್ಕೆ ಮಂಗಳಾರತಿ ಎತ್ತಲೇ?"

ಇದೆಲ್ಲ ಎದುರು ಪಕ್ಷದವರ ಮುಂದೆಯೇ, ಗಂಟಲು ಹರಿಯುವಷ್ಟು ಜೋರಾಗಿ.

ಮರುದಿನ ಕಾನೂನಿಗೆ ತಿದ್ದುಪಡಿಯಾಯಿತು. ಸನ್ನೆಗೆ ಮೊದಲು ಒಮ್ಮೆ ಕೆಮ್ಮಬೇಕು. ಕೆಮ್ಮಿಲ್ಲದ ಕೆರೆತ ಲೆಕ್ಕಕ್ಕಿಲ್ಲ. ಒಳ್ಳೆಯ ತಿದ್ದುಪಡಿಯೇ. ಆದರೆ ಗಂಡಸರು ಹಿಂದಿನ ರಾತ್ರಿ ಸೊಳ್ಳೆ ಸೊಳ್ಳೆ ಎಂದು ಕಿರುಚಾಡಿದ್ದನ್ನು ಅತ್ತೆ ಮನಸ್ಸಿಗೆ ಹಾಕಿಕೊಂಡಿದ್ದರು. ಸಂಜೆಯಾದದ್ದೇ ತಡ, ಕೆಂಡದ ಮೇಲೆ ಹಸಿ ಲಕ್ಕಿ ಸೊಪ್ಪು ಸುರಿದು ಜಗಲಿ ತುಂಬ ಹೊಗೆ ಎಬ್ಬಿಸಿದರು. ಸೊಳ್ಳೆಗಳು ಹೋದವು. ಕೂತವರೆಲ್ಲ ಕೆಮ್ಮತೊಡಗಿದರು. ಕೆಮ್ಮಿ ಕೆಮ್ಮಿ ಗಂಟಲು ನೀವಿಕೊಂಡರು, ಮೂಗು ಉಜ್ಜಿಕೊಂಡರು. ಸನ್ನೆಯ ಪ್ರಕಾರ ಹೇಳುವುದಾದರೆ ಆ ರಾತ್ರಿ ಪ್ರತಿ ಆಟದಲ್ಲೂ ಗುಲಾಮರೆಲ್ಲ ಮೇಷ್ಟರ ಕೈಯಲ್ಲೇ ಇದ್ದರು.

ಮಾವ ಎಲೆ ಬಿಸಾಡಿ ಎದ್ದರು. ಅತ್ತೆಯೂ ಪಟೇಲರ ಪಕ್ಷ ಸೇರಿದ್ದಾಳೆ ಎಂದು ಕೂಗಾಡಿದರು. ಅತ್ತೆ ಕೆಂಡದ ಬಾಣಲೆ ಎತ್ತಿಕೊಂಡು ಒಳಗೆ ಹೋಗುತ್ತ, "ಬಾಯಲ್ಲೇ ಹೇಳಿಬಿಡಬಾರದೇ ಅವರಿಗೆ? ಹೇಗೂ ಊರಿಗೆಲ್ಲ ಗೊತ್ತು" ಎಂದರು. ಪಟೇಲರು ಆಗ ಕವಳ ಉಗುಳಿ ಬಾಯಿ ಬಿಟ್ಟರು. "ನಿಮ್ಮ ಸನ್ನೆ ನನಗೆ ಬೇಸಿಗೆಯಲ್ಲೇ ತಿಳಿದಿತ್ತು ಮಾರಾಯರೇ. ತಿಳಿದು ಬಂದದ್ದೇನು? ಈ ಮೇಷ್ಟರು ಯಾವಾಗ ಹೇಳುತ್ತಾರೆ, ಯಾವಾಗ ಬರೀ ಕೆರೆಯುತ್ತಾರೆ ಎಂಬುದು ನನಗೂ ಹರಿಯಲಿಲ್ಲ."

ಮಾವ ಮತ್ತು ಮೇಷ್ಟರು ಆಮೇಲೂ ಜೋಡಿಯಾಗಿಯೇ ಆಡಿದರು. ಮಾವನಿಗೆ ಮಾತ್ರ ಒಂದು ಚಾಳಿ ಅಂಟಿಕೊಂಡಿತು. ಎದುರು ಕೂತವರು ಮೈಮುಖ ಮುಟ್ಟಿಕೊಂಡರೆ ಸಾಕು, ಒಳಗೇ ಲೆಕ್ಕ ಹಾಕುವುದು. ನನ್ನನ್ನು ನೋಡಲು ಬಂದಿದ್ದ ಗಂಡಿನ ತಂದೆ ಮಾತುಕತೆಯ ನಡುವೆ ಮೂಗು ಉಜ್ಜಿದರು. ಮಾವ ಅಪ್ಪನ ಕಿವಿಯ ಹತ್ತಿರ ಬಾಗಿ, "ಭಾವಾ, ಇವರು ಏನೋ ಮುಚ್ಚಿಟ್ಟುಕೊಂಡಿದ್ದಾರೆ, ಈಗಲೇ ಒಪ್ಪಬೇಡಿ" ಎಂದರಂತೆ. ಪಾಪ, ಅವರಿಗೆ ನೆಗಡಿಯಾಗಿತ್ತು. ಮಾತುಕತೆ ತಿಂಗಳುಗಟ್ಟಲೆ ಮುಂದೆ ಹೋಯಿತು. ಕೊನೆಗೆ ನೆಗಡಿ ವಾಸಿಯಾದ ಮೇಲೆ ನಡೆದ ಆ ಮದುವೆಯ ಫಲವಾಗಿಯೇ ಈಗ ನನ್ನ ದೋಸೆ ಸೀದಿದೆ ಎನ್ನುವವರು ಒಬ್ಬರು ಮನೆಯಲ್ಲಿದ್ದಾರೆ.

ಏನು ಹೇಳುತ್ತಿದ್ದೆ? ಬಸ್ಕಿ.

ಮಾವನಿಗೂ ಮೇಷ್ಟರಿಗೂ ಆಟ ಕೆಟ್ಟ ಮೇಲೆ ಕೂತು ಜಗಳವಾಡುವ ಸೌಕರ್ಯವಾದರೂ ಇತ್ತು. ನಮಗೆ ಅದೂ ಇಲ್ಲ. ಆಟ ಮುಗಿದ ಮೇಲೆ ಬರೆಯಲು ಒಂದು ಪೆಟ್ಟಿಗೆ ತೆರೆಯುತ್ತದೆ, ನಿಜ. ಅಷ್ಟರಲ್ಲಿ ನಮ್ಮವರೆಂಬವರು ಜಾಗ ಖಾಲಿ ಮಾಡಿರುತ್ತಾರೆ. ಉಳಿದಿರುವವನು ಕೊಲೆಗಾರ. ಅವನು 'ಜಿಜಿ' ಎಂದು ಬರೆದು ಹೋಗುತ್ತಾನೆ. ಚೆನ್ನಾಗಿ ಆಡಿದಿರಿ ಎಂದು ಅದರ ಅರ್ಥ. ಇಡೀ ರಾತ್ರಿಯಲ್ಲಿ ನನಗೆ ಸ್ಪಷ್ಟವಾಗಿ ಅರ್ಥವಾಗುವಂತೆ ಮಾತಾಡಿದವನು ನನ್ನನ್ನು ಕೊಂದವನೇ.

ಇನ್ನು, ಮೂವರು ಗೆಳೆಯರು ಡಿಸ್ಕಾರ್ಡ್ ಎಂಬ ಆ್ಯಪ್‌ನಲ್ಲಿ ಹರಟುತ್ತ ಒಟ್ಟಿಗೆ ಬಂದು, ನಾಲ್ಕನೆಯವಳಾಗಿ ನಾನು ಸಿಕ್ಕಿಹಾಕಿಕೊಂಡರಂತೂ ಮುಗಿಯಿತು. ಅವರು ಬಸ್ಕಿ ಹೊಡೆಯುವುದಿಲ್ಲ, ಬೆರಳು ತೋರಿಸುವುದಿಲ್ಲ, ಏನೂ ಇಲ್ಲ. ನಾನು ಕೂತ ಜನರೇಟರ್ ಒಬ್ಬಳಿಗೆ ಒಂದೂವರೆ ನಿಮಿಷದ ಕೆಲಸ. ಮೂವರೂ ಬಂದು ಜೊತೆಗೆ ಕೂರುತ್ತಾರೆ, ಆಹಾ ಎನ್ನುವಷ್ಟರಲ್ಲಿ ಒಂದೇ ಕ್ಷಣಕ್ಕೆ ಮೂವರೂ ಎದ್ದು ಒಂದೇ ದಿಕ್ಕಿಗೆ ಓಡುತ್ತಾರೆ. ಏಕೆ ಓಡಿದರೆಂದು ನನಗೆ ತಿಳಿಯುವುದು ಕೊಡಲಿ ಬೆನ್ನಿಗೆ ಬಿದ್ದ ಮೇಲೆ. ಇದು ಅಸಭ್ಯತೆ. ಬೇರೆ ಹೆಸರಿಲ್ಲ ಇದಕ್ಕೆ. ನಾಲ್ವರು ಕೂತ ಮನೆಯಲ್ಲಿ ಮೂವರು ಪಿಸುಗುಟ್ಟಿದರೆ ನಮ್ಮಜ್ಜಿ ಸೌಟು ಎತ್ತುತ್ತಿದ್ದರು.

ಆಮೇಲಾಮೇಲೆ ಪರದೆಯ ಅಂಚಿನಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ತೋರಿಸುವ ಪುಟ್ಟ ಚಿತ್ರಗಳನ್ನು ಹಾಕಿದ್ದಾರೆ. ಒಬ್ಬ ರಿಪೇರಿಯಲ್ಲಿದ್ದಾನೆ, ಒಬ್ಬನನ್ನು ಕೊಲೆಗಾರ ಅಟ್ಟಿಸಿಕೊಂಡು ಹೋಗುತ್ತಿದ್ದಾನೆ ಎಂದು ತಿಳಿಯುತ್ತದೆ. ಮೂರನೆಯವನ ಪಕ್ಕ ಏನೂ ಇರುವುದಿಲ್ಲ. ಹುಡುಕಿಕೊಂಡು ಹೋದರೆ ಮೂಲೆಯ ಪೊದೆಯ ಹಿಂದೆ ಕುಳಿತಿರುತ್ತಾನೆ, ನನ್ನನ್ನು ಕಂಡೊಡನೆ ಕೈಬೀಸಿ ಕರೆಯುತ್ತಾನೆ. ಎಲ್ಲಿಗೆ ಮಹಾರಾಯ? ಆ ಪೊದೆಗೇ? ಬಹಳ ಹೊತ್ತು ಏನೂ ಮಾಡದೆ ಇದ್ದವರ ತಲೆಯ ಮೇಲೆ ಕಾಗೆಗಳು ಸುತ್ತತೊಡಗುತ್ತವೆ. ಇಲ್ಲೊಬ್ಬ ಸೋಮಾರಿ ಇದ್ದಾನೆ ಎಂದು ಅವು ಕೊಲೆಗಾರನಿಗೆ ಹೇಳುತ್ತವೆ. ಎರಡು ಅರ್ಥ ಬರುವ ಹಾಗೆ ಎಂದೂ ಮಾತಾಡದ ಪ್ರಾಣಿಗಳೆಂದರೆ ಈ ಆಟದಲ್ಲಿ ಆ ಕಾಗೆಗಳೇ.

"ಅಮ್ಮಾ, ಅಷ್ಟು ಕಷ್ಟವಾದರೆ ಮಾತಾಡುವ ಆಟ ಆಡು" ಎನ್ನುತ್ತಾನೆ ಮಗ. ಅದೂ ಆಯಿತು. 2023ರಲ್ಲಿ ಬಂದ ಲೀಥಲ್ ಕಂಪನಿಯಲ್ಲಿ ಹತ್ತಿರ ಇದ್ದವರ ಮಾತು ಕೇಳುತ್ತದೆ, ದೂರ ಹೋದಂತೆ ಕ್ಷೀಣಿಸುತ್ತದೆ. ಅವನ ಗೆಳೆಯರ ಜೊತೆ ಒಳಗೆ ಹೋದೆ. ಅಲ್ಲಿ ಸ್ಪ್ರಿಂಗ್ ಕತ್ತಿನ ಗೊಂಬೆಯೊಂದಿದೆ. ಯಾರಾದರೂ ದಿಟ್ಟಿಸುತ್ತಿರುವಷ್ಟು ಹೊತ್ತು ಅಲುಗುವುದಿಲ್ಲ, ಕಣ್ಣು ತೆಗೆದರೆ ಮೈಮೇಲೆ ಬೀಳುತ್ತದೆ. ಒಬ್ಬ ಹುಡುಗ ನನ್ನ ಹೆಗಲಾಚೆ ನೋಡುತ್ತ ಕಲ್ಲಾಗಿ ನಿಂತ. ಬಾಯಿ ಇತ್ತು, ಮೈಕ್ ಇತ್ತು, ಕನ್ನಡವೂ ಬರುತ್ತಿತ್ತು. "ಏನಪ್ಪಾ?" ಎಂದೆ. "ಆಂಟಿ, ಅಲ್ಲಿ" ಎಂದ. ಎಲ್ಲಿ? "ಅಲ್ಲೇ ಆಂಟಿ, ಅಲ್ಲಿ!" ತಿರುಗಿ ನೋಡಲೋ, ಓಡಲೋ, ಹಾಗೇ ನಿಲ್ಲಲೋ? ಅಷ್ಟರಲ್ಲಿ ಅವನನ್ನು ಮನೆಯಲ್ಲಿ ಯಾರೋ ಊಟಕ್ಕೆ ಕರೆದರು, ಮೌಸ್ ಜಾರಿ ಅವನ ನೋಟ ಗೋಡೆಗೆ ಹೋಯಿತು. ಸತ್ತವರ ಮಾತು ಬದುಕಿದವರಿಗೆ ಕೇಳಿಸದ ಹಾಗೆ ಆ ಆಟ ಮಾಡಿದ್ದಾರೆ. ನಾನು ಆಗ ಅವನಿಗೆ ಹೇಳಿದ್ದನ್ನು ನೆನೆದರೆ ಅದು ಒಳ್ಳೆಯ ಏರ್ಪಾಡು.

ಆ ಮುಖ್ಯವಾದ ಮಾತಿಗೆ ಬರುತ್ತೇನೆ ಎಂದಿದ್ದೆ. ಅದು ಹೀಗೆ. ಒಬ್ಬರಿಗೊಬ್ಬರು ಮುಖಪರಿಚಯವಿಲ್ಲದ ನಾಲ್ವರು, ಕತ್ತಲೆಯಲ್ಲಿ, ಒಂದೇ ಭಯದಲ್ಲಿ, ಇರುವ ಒಂದೇ ಸನ್ನೆಯನ್ನು... ಅಲ್ಲ, ನಿನ್ನೆ ನಡೆದದ್ದನ್ನು ಹೇಳದೆ ನಾನು ಮುಂದೆ ಹೋಗಲಾರೆ.

ನಿನ್ನೆ ಒಬ್ಬನನ್ನು ಕೊಕ್ಕೆಯಿಂದ ಇಳಿಸಿದೆ. ಕೊಲೆಗಾರ ಹತ್ತಿರದಲ್ಲೇ ಇದ್ದ. ಏಟು ನಾನು ತಿಂದೆ, ಅವನು ಓಡಿದ. ಆಮೇಲೆ ಗೋಡೆಯೊಂದರ ಮರೆಯಲ್ಲಿ ಸಿಕ್ಕಿದ. ನನ್ನ ಮೈಯಿಂದಲೂ ರಕ್ತ ಸೋರುತ್ತಿತ್ತು, ಆದರೂ ಮೊದಲು ಅವನಿಗೆ ಮದ್ದು ಹಾಕಿದೆ. ಬರಿಗೈಯಲ್ಲಿ 16 ಸೆಕೆಂಡು ಹಿಡಿಯುವ ಕೆಲಸ ಅದು, ಆ ಹೊತ್ತೆಲ್ಲ ಎದೆಬಡಿತ ಜೋರಾಗುತ್ತಲೇ ಇತ್ತು. ಮುಗಿದೊಡನೆ ಅವನು ಎದ್ದ. ನನ್ನ ಕಡೆ ತಿರುಗಲಿಲ್ಲ. ನನ್ನ ಗಾಯ ನೋಡಲಿಲ್ಲ. ನೇರ ಗೇಟಿಗೆ ಓಡಿ, ತೆರೆದು, ಹೊರಟೇಹೋದ. ಯಾವ ಊರಿನವನೋ, ಯಾರು ಬೆಳೆಸಿದರೋ! ಕುಕ್ಕರಿಸಿ ಏಳಲು ಎಷ್ಟು ಹೊತ್ತು ಬೇಕು? ಒತ್ತಬೇಕಾದದ್ದು ಒಂದು ಗುಂಡಿ. ಒಂದೇ ಒಂದು ಬಸ್ಕಿ ಹೊಡೆದಿದ್ದರೆ ಅವನ ಗಂಟೇನು ಹೋಗುತ್ತಿತ್ತು?