ಒಪ್ಪಿಗೆ ಕೇಳುವ ಮಾತನ್ನು ಯಾರು ಕಲಿಸುತ್ತಾರೆ?

ನಾನು ವೈದ್ಯನಲ್ಲ, ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಹೊಸ ಔಷಧಗಳ ಪ್ರಯೋಗಕ್ಕೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯಲ್ಲಿ ಸಾಮಾನ್ಯ ನಾಗರಿಕರೊಬ್ಬರೂ ಇರಬೇಕೆಂದು 2019ರ ನಿಯಮಗಳು ಹೇಳುವುದರಿಂದ ಬೆಂಗಳೂರಿನ ಆಸ್ಪತ್ರೆಯೊಂದರ ಸಮಿತಿಯಲ್ಲಿ ನನಗೂ ಒಂದು ಕುರ್ಚಿ ಸಿಕ್ಕಿದೆ. ಆ ನೆಪದಲ್ಲಿ, ಇಂಥ ಪ್ರಯೋಗದ, ಅಂದರೆ ಕ್ಲಿನಿಕಲ್ ಟ್ರಯಲ್‌ನ, ಹೊಣೆ ಹೊರುವ ಪ್ರಧಾನ ಸಂಶೋಧಕರಿಗಾಗಿ ನಡೆಯುವ ಜಿಸಿಪಿ (ಗುಡ್ ಕ್ಲಿನಿಕಲ್ ಪ್ರಾಕ್ಟೀಸ್, ಪ್ರಯೋಗವನ್ನು ಸರಿಯಾಗಿ ನಡೆಸುವ ಕ್ರಮ) ಕಾರ್ಯಾಗಾರಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ್ದೇನೆ.

ಅಲ್ಲಿ ಕಲಿಸುವುದು ಕಡಿಮೆಯೇನಲ್ಲ. ರೋಗಿಗೆ ಗಂಭೀರ ತೊಂದರೆಯಾದರೆ 24 ಗಂಟೆಗಳೊಳಗೆ ಔಷಧ ನಿಯಂತ್ರಕರಿಗೂ ಪ್ರಾಯೋಜಕ ಕಂಪನಿಗೂ ಎಥಿಕ್ಸ್ ಕಮಿಟಿಗೂ ತಿಳಿಸಬೇಕು, 14 ದಿನಗಳೊಳಗೆ ಕಾರಣದ ವಿಶ್ಲೇಷಣೆ ಕಳಿಸಬೇಕು, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಟ್ರಯಲ್ ದೇಶದ ಟ್ರಯಲ್‌ಗಳ ಸಾರ್ವಜನಿಕ ದಾಖಲೆಯಾದ ಸಿಟಿಆರ್‌ಐನಲ್ಲಿ ನೋಂದಣಿಯಾಗಿರಬೇಕು ಎಂಬುದೆಲ್ಲ ಸಂಜೆಯೊಳಗೆ ಬಾಯಿಪಾಠವಾಗುತ್ತದೆ. ನನ್ನ ತಕರಾರು, ಟ್ರಯಲ್‌ಗೆ ಸೇರಲು ರೋಗಿಯ ಒಪ್ಪಿಗೆ ಕೇಳುವ ಪಾಠದ ಬಗ್ಗೆ. ಅದಕ್ಕೆ ಸಿಗುವುದು ಅರ್ಧ ಗಂಟೆ. ಸಹಿ ಎಲ್ಲಿರಬೇಕು, ದಿನಾಂಕವನ್ನು ಯಾರು ಬರೆಯಬೇಕು, ಓದು ಬಾರದವರ ಪರವಾಗಿ ನಿಷ್ಪಕ್ಷಪಾತ ಸಾಕ್ಷಿ ಯಾರಾಗಬಹುದು ಎಂಬಲ್ಲಿಗೆ ಅದು ಮುಗಿಯುತ್ತದೆ.

ಒಮ್ಮೆ ನನ್ನನ್ನೇ ರೋಗಿಯ ಪಾತ್ರಕ್ಕೆ ಕೂರಿಸಿದರು. ನಾನು ಮಾಗಡಿ ಕಡೆಯ ರೈತ, ಸಕ್ಕರೆ ಕಾಯಿಲೆ. ಎದುರಿದ್ದ ವೈದ್ಯರು ಕನ್ನಡದ ಒಪ್ಪಿಗೆ ಪತ್ರವನ್ನು ಓದತೊಡಗಿ ‘ಯಾದೃಚ್ಛಿಕೀಕರಣ’ ಎಂಬಲ್ಲಿ ತಾವೇ ತಡವರಿಸಿದರು. (ಮೂವತ್ತು ವರ್ಷ ಕನ್ನಡ ಕಲಿಸಿದ ನನಗೂ ಆ ಪದ ಸುಲಭಕ್ಕೆ ಹೊರಳುವುದಿಲ್ಲ. ಚೀಟಿ ಎತ್ತಿದ ಹಾಗೆ, ನಿಮಗೆ ಯಾವ ಮಾತ್ರೆ ಬರುತ್ತದೆಂದು ನನ್ನ ಕೈಯಲ್ಲೂ ಇಲ್ಲ ಎಂದಿದ್ದರೆ ಸಾಕಿತ್ತು.) ಕೊನೆಗೆ ನಾನು, ಹಳ್ಳಿಯ ಹಿರಿಯರು ಹೇಳುವಂತೆಯೇ, “ನಂಗೇನ್ ತಿಳೀತದೆ ಸ್ವಾಮಿ, ನೀವ್ ಹೇಳ್ದಂಗೆ” ಎಂದೆ. ವೈದ್ಯರು ನಿರಾಳವಾಗಿ ಪೆನ್ನು ಕೊಟ್ಟರು, ಸಭೆ ಚಪ್ಪಾಳೆ ತಟ್ಟಿತು. ಆ ಮಾತು ಒಪ್ಪಿಗೆಯಲ್ಲ, ವೈದ್ಯರು ಮತ್ತೆ ಮೊದಲಿನಿಂದ ಹೇಳಬೇಕಾದ ಸೂಚನೆ ಎಂದು ಯಾರೂ ಹೇಳಲಿಲ್ಲ. ತನ್ನ ಡಾಕ್ಟರು ಕೊಡುವುದೆಲ್ಲ ತನ್ನ ಚಿಕಿತ್ಸೆಗೇ ಎಂದು ನಂಬಿದ ರೋಗಿಗೆ, ಇದು ಇನ್ನೂ ಪರೀಕ್ಷೆಯಲ್ಲಿರುವ ಔಷಧ, ಬೇಡವೆಂದರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ಮನದಟ್ಟು ಮಾಡುವುದು ಅಭ್ಯಾಸವಿಲ್ಲದೆ ಬರುವ ವಿದ್ಯೆಯಲ್ಲ.

ಕಾಗದದಲ್ಲಿ ಸಹಿಯಿದ್ದರೆ ಸಾಲದೆಂಬುದನ್ನು ಈಗ ತೆಲಂಗಾಣದಲ್ಲಿರುವ ಖಮ್ಮಂ ತೋರಿಸಿದೆ. 2009ರಲ್ಲಿ ಅಲ್ಲಿ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದ ಯೋಜನೆಯ ಹಲವು ಒಪ್ಪಿಗೆ ಪತ್ರಗಳಲ್ಲಿ ಸಹಿಯೇನೋ ಇತ್ತು, ಆದರೆ ಅದು ತಂದೆತಾಯಿಯದಲ್ಲ, ಹಾಸ್ಟೆಲ್ ವಾರ್ಡನ್‌ಗಳದು. 2010ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಟೀಕಿಸಿತು.

ಹಾಗಾಗಿ ನನ್ನ ಬೇಡಿಕೆ ಇಷ್ಟೇ: ಅರ್ಧ ದಿನ ಬರೀ ಮಾತಿನ ಅಭ್ಯಾಸಕ್ಕೆ ಇರಲಿ, ಟ್ರಯಲ್‌ನ ಕೆಲಸ ನೋಡಿಕೊಳ್ಳುವ ಕೋಆರ್ಡಿನೇಟರನ್ನು ಕಳಿಸದೆ ವೈದ್ಯರೇ ಕೂರಲಿ, ಕೇಳಿಸಿಕೊಂಡದ್ದನ್ನು ‘ರೋಗಿ’ ತನ್ನ ಮಾತಿನಲ್ಲಿ ತಿರುಗಿ ಹೇಳುವವರೆಗೆ ಪೆನ್ನು ಹೊರಗೆ ಬರದಿರಲಿ. ಆಯೋಜಕರು ಮುಂದಿನ ಸಲ ಊಟದ ನಂತರ ಮುಕ್ಕಾಲು ಗಂಟೆ ಕೊಡಲು ಒಪ್ಪಿದ್ದಾರೆ. ರೋಗಿಯ ಪಾತ್ರಕ್ಕೆ ನನ್ನ ಬದಲು ವಾರ್ಡಿನ ಆಯಾ ಒಬ್ಬರನ್ನು ಕರೆಯೋಣವೆಂದು ಕೇಳಿದ್ದೇನೆ, ಅದಕ್ಕಿನ್ನೂ ಉತ್ತರ ಬಂದಿಲ್ಲ.