ಯಾವಾಗ ವಾಪಸ್ ಬರುತ್ತೀರಿ?

ಅರಿಜೋನಾದ ಫೀನಿಕ್ಸ್ ನಗರಕ್ಕೆ ಬಂದು ಹತ್ತೊಂಬತ್ತು ವರ್ಷಗಳಾದರೂ, ವರ್ಷವಿಡೀ ಬೀಳುವ ಮಳೆ ಸರಾಸರಿ 200 ಮಿ.ಮೀ. ಕೂಡ ದಾಟದ ಊರಿನಲ್ಲಿ ತಾನಿದ್ದೇನೆಂಬುದನ್ನು ಹೊಸನಗರ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದ ನನ್ನ ಮೈ ಇನ್ನೂ ಪೂರ್ತಿಯಾಗಿ ಒಪ್ಪಿಕೊಂಡಿಲ್ಲ. ನಮ್ಮ ಹುಲಿಕಲ್ಲಿನಲ್ಲೋ ಆಗುಂಬೆಯಲ್ಲೋ ಅಷ್ಟು ಮಳೆ ಒಂದೇ ದಿನದಲ್ಲಿ ಸುರಿದುಹೋದದ್ದುಂಟು. ಹೀಗಿದ್ದೂ ಹೊಳೆ ದಾಟುವುದರ ಬಗ್ಗೆ ಊರಿನಲ್ಲಿ ಕಲಿತದ್ದೆಲ್ಲವೂ ನನ್ನ ಉಪಯೋಗಕ್ಕೆ ಬಂದದ್ದು ಈ ಮರಳುಗಾಡಿನಲ್ಲಿ. ಊರಿನಲ್ಲಿ ನಾವು ಮರೆಯುತ್ತಿರುವ ಒಂದು ಪ್ರಶ್ನೆಯನ್ನು ಮತ್ತೆ ನೆನಪಿಗೆ ತಂದದ್ದೂ ಈ ಮರಳುಗಾಡೇ.

ಯೂಟಾ ಮತ್ತು ಅರಿಜೋನಾ ರಾಜ್ಯಗಳ ಗಡಿಯಲ್ಲಿ ಪರಿಯಾ ಎಂಬ ಹೊಳೆಯೊಂದು ಮರಳುಗಲ್ಲನ್ನು ಕೊರೆದು ಮಾಡಿಕೊಂಡ ಕಂದರವಿದೆ. ವೈಟ್ ಹೌಸ್ ಎಂಬ ಕಡೆ ಇಳಿದರೆ, ಪರಿಯಾ ಹೊಳೆ ಕೊಲರಾಡೊ ನದಿಯನ್ನು ಸೇರುವ ಲೀಸ್ ಫೆರ್ರಿಯವರೆಗೆ 38 ಮೈಲಿ, ಅಂದರೆ ಸುಮಾರು 61 ಕಿ.ಮೀ. ನಡೆಯಬೇಕು. ಕಳೆದ ಬಾರಿ ಅಕ್ಟೋಬರ್ ತಿಂಗಳಿನಲ್ಲಿ ನಾವು ನಾಲ್ವರು ಅದಕ್ಕೆ ಐದು ದಿನ ತೆಗೆದುಕೊಂಡೆವು. ದಾರಿಯೆಂದು ಅಲ್ಲಿ ಬೇರೆ ಇಲ್ಲ, ಹೊಳೆಯೇ ದಾರಿ. ಈ ದಡದಲ್ಲಿ ಬಂಡೆ ಅಡ್ಡ ಬಂದರೆ ಆ ದಡ, ಅಲ್ಲಿಯೂ ಬಂದರೆ ಮತ್ತೆ ಈ ದಡ, ಹೀಗೆ ಲೀಸ್ ಫೆರ್ರಿ ಮುಟ್ಟುವಷ್ಟರಲ್ಲಿ ನೂರಾರು ಸಲ ದಾಟಿರುತ್ತೇವೆ. ಮೊದಲ ದಿನ ದಾಟಿದ್ದನ್ನು ಎಣಿಸುತ್ತ ಹೋದ ನನ್ನ ಸಹೋದ್ಯೋಗಿ ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಬಿಟ್ಟರು.

ಹೊಳೆಯ ಅಗಲ ನಮ್ಮ ಮನೆಯ ಅಂಗಳದಷ್ಟೂ ಇರಲಿಲ್ಲ, ಆಳ ಹೆಚ್ಚಿನ ಕಡೆ ಮೊಣಕಾಲಿಗಿಂತ ಕೆಳಗೆ. ಆದರೆ ನೀರಿನ ಬಣ್ಣ ಹಾಲು ಹೆಚ್ಚಾದ ಚಹಾದಂತಿದ್ದು, ತಳ ಕಾಣುತ್ತಿರಲಿಲ್ಲ. ಊರುಗೋಲನ್ನು ಮುಂದೆ ಊರಿ, ಅದು ಗಟ್ಟಿಯಾಗಿ ನಿಂತರೆ ಮಾತ್ರ ಕಾಲಿಡಬೇಕು; ಬೆನ್ನ ಮೇಲಿನ ಚೀಲದ ಸೊಂಟಪಟ್ಟಿಯನ್ನು ಮೊದಲೇ ಬಿಚ್ಚಿಕೊಂಡಿರಬೇಕು, ಏಕೆಂದರೆ ಕಾಲು ಜಾರಿ ಬಿದ್ದರೆ ಚೀಲವನ್ನು ಕಳಚಿದರಷ್ಟೇ ಏಳಲು ಸಾಧ್ಯ. ಎರಡನೆಯ ದಿನ ಒಂದು ತಿರುವಿನಲ್ಲಿ ನನ್ನ ಎಡಗಾಲು ಹುದುಲಿನಲ್ಲಿ ಮೊಣಕಾಲಿನವರೆಗೆ ಹೂತುಹೋಯಿತು. ಎಳೆದಷ್ಟೂ ಹಿಡಿತ ಬಿಗಿಯಾಗುತ್ತಿತ್ತು. ನಾಟಿಯ ಸಮಯದಲ್ಲಿ ಗದ್ದೆಯ ಹುದುಲಿಗೆ ಸಿಕ್ಕಿದ ಎತ್ತಿನ ಕಾಲನ್ನು ಅಜ್ಜಯ್ಯ ಹೇಗೆ ಬಿಡಿಸುತ್ತಿದ್ದರೆಂಬುದು ಆಗ ನೆನಪಾಯಿತು: ಎಳೆಯದೆ, ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸುತ್ತ ಕಾಲಿನ ಸುತ್ತ ನೀರು ಇಳಿಯಲು ಎಡೆಮಾಡಿಕೊಡುವುದು. ಹಾಗೆಯೇ ಮಾಡಿದೆ, ಕಾಲು ಬಂತು, ಬೂಟೂ ಬಂತು. ಸಹೋದ್ಯೋಗಿ ಇದನ್ನು ಯಾವ ತರಬೇತಿಯಲ್ಲಿ ಕಲಿತದ್ದೆಂದು ಕೇಳಿದರು.

ಪರಿಯಾ ಎಂದರೆ ಅಲ್ಲಿನ ಮೂಲನಿವಾಸಿ ಪಾಯೂಟರ ಭಾಷೆಯಲ್ಲಿ ಕೆಸರು ನೀರು ಎಂದು ಅರ್ಥ ಹೇಳುತ್ತಾರೆ. ಮಲೆನಾಡಿನವನಿಗೆ ಆ ಹೆಸರಿನಲ್ಲಿಯೇ ಎಚ್ಚರಿಕೆ ಕೇಳಿಸುತ್ತದೆ. ತಿಳಿಯಾಗಿದ್ದ ಹಳ್ಳ ಕಾರಣವಿಲ್ಲದೆ ಕೆಂಪಾದರೆ, ತರಗೆಲೆ, ಕಡ್ಡಿ, ನೊರೆ ತೇಲಿ ಬರತೊಡಗಿದರೆ, ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಅಜ್ಜಯ್ಯ ನಮ್ಮನ್ನು ದಡದಲ್ಲೇ ತಡೆದು ನಿಲ್ಲಿಸುತ್ತಿದ್ದರು. “ಮೇಲ್ಗಡೆ ಮಳೆ ಹೊಡ್ದಿದೆ ಮಾರಾಯ, ಈಗ ಇಳೀಬೇಡ” ಎಂದರೆ ಅದಕ್ಕೆ ಮೇಲ್ಮನವಿ ಇರಲಿಲ್ಲ. ಮರಳುಗಾಡಿನ ಕಂದರಗಳಲ್ಲಿ ಇದೇ ಮಾತು ಇನ್ನೂ ಕಠೋರವಾಗಿ ನಿಜ, ಏಕೆಂದರೆ ಅಲ್ಲಿ ನೀರನ್ನು ಹೀರಿಕೊಳ್ಳಲು ಕಾಡಿಲ್ಲ, ತರಗೆಲೆಯ ಹಾಸಿಲ್ಲ; ಬರಿಯ ಬಂಡೆಯ ಮೇಲೆ ಬಿದ್ದ ಮಳೆಯಷ್ಟೂ ಕೂಡಲೇ ಕಂದರಕ್ಕೆ ಇಳಿಯುತ್ತದೆ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗಿನ ಗುಡುಗುಮಳೆಯ ಕಾಲವನ್ನು ಅರಿಜೋನಾದವರೂ ಮಾನ್ಸೂನ್ ಎಂದೇ ಕರೆಯುತ್ತಾರೆ. ಮೊದಲ ವರ್ಷ ಆ ಮಾತು ಕೇಳಿ ನನಗೆ ನಗು ಬಂದಿತ್ತು. 1997ರ ಆಗಸ್ಟ್ 12ರಂದು, ನಮ್ಮಲ್ಲಿ ಆಶ್ಲೇಷಾ ಮಳೆಯ ದಿನಗಳಲ್ಲಿ, ಪರಿಯಾದಿಂದ ಹೆಚ್ಚು ದೂರವಲ್ಲದ ಆಂಟೆಲೋಪ್ ಕಂದರದಲ್ಲಿ 11 ಪ್ರವಾಸಿಗರು ಕೊಚ್ಚಿಹೋದರೆಂದು ತಿಳಿದ ಮೇಲೆ ನಗುವುದನ್ನು ಬಿಟ್ಟೆ. ಅವರಿದ್ದ ಜಾಗದಲ್ಲಿ ಹೇಳಿಕೊಳ್ಳುವಂಥ ಮಳೆಯೇ ಇರಲಿಲ್ಲ. ಮಳೆ ಬಿದ್ದದ್ದು ಮೈಲಿಗಟ್ಟಲೆ ಮೇಲೆ. ಈಗ ಆ ಕಂದರಕ್ಕೆ ಮಾರ್ಗದರ್ಶಕರಿಲ್ಲದೆ ಯಾರನ್ನೂ ಬಿಡುವುದಿಲ್ಲ.

ಪರಿಯಾದಲ್ಲಿ ರಾತ್ರಿ ತಂಗುವುದಕ್ಕೆ ಮೊದಲೇ ಅನುಮತಿ ಪತ್ರ ಪಡೆಯಬೇಕು, ಅದೂ ದಿನಕ್ಕೆ 20 ಜನರಿಗೆ ಮಾತ್ರ. ಬೆಂಕಿ ಹಾಕುವಂತಿಲ್ಲ. ನಮ್ಮ ಮಲವನ್ನು ಕೂಡ ಅದಕ್ಕೆಂದೇ ಇರುವ ಚೀಲದಲ್ಲಿ ಕಟ್ಟಿಕೊಂಡು ಹೊರಗೆ ತರಬೇಕು. ಈ ಸಂಗತಿಯನ್ನು ಊರಿನಲ್ಲಿ ಹೇಳಿದಾಗ ಜಗಲಿಯಲ್ಲಿ ಕೂತಿದ್ದವರೆಲ್ಲ ಒಂದು ನಿಮಿಷ ಮಾತು ನಿಲ್ಲಿಸಿದ್ದರು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಇದ್ಯಾವುದೂ ಅಲ್ಲ. ದಾರಿ ಶುರುವಾಗುವಲ್ಲಿ ಕಂಬಕ್ಕೆ ಹೊಡೆದ ತಗಡಿನ ಪೆಟ್ಟಿಗೆಯೊಳಗೆ ದಾರಕ್ಕೆ ಕಟ್ಟಿದ ಪೆನ್ಸಿಲ್ಲಿನ ಜೊತೆ ಒಂದು ಪುಸ್ತಕವಿತ್ತು. ಹೆಸರು, ಎಷ್ಟು ಜನ, ಎಲ್ಲಿಗೆ ಎಂದು ಬರೆದ ಮೇಲೆ ಕೊನೆಯಲ್ಲಿ ಇನ್ನೊಂದನ್ನು ಬರೆಯಬೇಕಿತ್ತು: ಹೊರಗೆ ಬರುವ ದಿನ. ಸುತ್ತ ಎಲ್ಲಿಯೂ ಒಂದು ನರಪಿಳ್ಳೆಯಿರಲಿಲ್ಲ, ಫೋನಿಗೆ ಸಿಗ್ನಲ್ ಇರಲಿಲ್ಲ, ಆದರೂ ಯಾರೋ ಎದುರಿಗೆ ನಿಂತು ಕೇಳಿದಂತಾಯಿತು.

ಏಕೆಂದರೆ ಇದು ನಮ್ಮ ಕೊನೆಯ ಮನೆಯ ಪ್ರಶ್ನೆ. ಮಲೆನಾಡಿನಲ್ಲಿ ಗುಡ್ಡ ಹತ್ತಲು ಹೋಗುವ ದಾರಿ ಒಂದಲ್ಲ ಒಂದು ಮನೆಯ ಅಂಗಳದ ಅಂಚನ್ನು ಹಾದೇ ಹೋಗುತ್ತಿತ್ತು. ಅದಕ್ಕಿಂತ ಮೇಲೆ ಮನೆಗಳಿಲ್ಲ. ಆ ಮನೆಯವರು ಹೋಗುವವರನ್ನು ಸುಮ್ಮನೆ ಹೋಗಗೊಡುತ್ತಿರಲಿಲ್ಲ. ಎಲ್ಲಿಗೆ ಹೊರಟಿರಿ, ಯಾರ ಮನೆಯವರು, ಕತ್ತಿ ಇದೆಯೇ, ಇಂಬಳಕ್ಕೆ ಸುಣ್ಣ ಹೊಗೆಸೊಪ್ಪು ಇಟ್ಟುಕೊಂಡಿದ್ದೀರಾ, ಕೊನೆಗೆ, ವಾಪಸ್ ಬರುವುದು ಯಾವಾಗ ಎಂದು ಕೇಳುತ್ತಿದ್ದರು. ಬೆಲ್ಲ ನೀರು ಕೊಡುವ ನೆಪದಲ್ಲಿ ಪೂರ್ತಿ ವಿಚಾರಣೆಯೇ ನಡೆಯುತ್ತಿತ್ತು. ಹದಿನೇಳರ ವಯಸ್ಸಿನಲ್ಲಿ ನನಗೆ ಅದು ಕಿರಿಕಿರಿ. ಸಂಜೆಯಾದರೂ ಬರದವರನ್ನು ಹುಡುಕಲು ಬ್ಯಾಟರಿ ಹಿಡಿದು ಹೊರಡುತ್ತಿದ್ದವರೂ ಅವರೇ ಎಂಬುದು ಆಗ ತಲೆಗೆ ಹೋಗಿರಲಿಲ್ಲ.

ಇವತ್ತು ಜೀಪು ಆ ಮನೆಯನ್ನು ದಾಟಿ ಮೇಲೆ ಹೋಗಿ ಜನರನ್ನು ಇಳಿಸುತ್ತದೆ. 1,343 ಮೀಟರ್ ಎತ್ತರದ ಕೊಡಚಾದ್ರಿಗೆ ವಾರಾಂತ್ಯದಲ್ಲಿ ಬರುವವರ ಮುಖವನ್ನು ಕೆಳಗಿನ ಮನೆಗಳವರು ಕಾಣುವುದೇ ಇಲ್ಲ, ಧೂಳನ್ನು ಮಾತ್ರ ಕಾಣುತ್ತಾರೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಮುಗಿಬಿದ್ದು ಗಲಾಟೆಯಾದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂದಿತು. ಅದನ್ನು ನಾನು ಸ್ವಾಗತಿಸುತ್ತೇನೆ. ಕಾಡಿಗೆ ಹೋಗಲು ಚೀಟಿ ಏಕೆ ಎಂದು ಸಿಡುಕುವ ನೆಂಟರ ಜೊತೆ ನನಗೆ ಪ್ರತಿ ರಜೆಯಲ್ಲಿಯೂ ಇದೇ ವಾದ. ಆದರೆ ಕಳೆದ ಡಿಸೆಂಬರಿನಲ್ಲಿ ಊರಿನ ಕಡೆಯ ಒಂದು ಬೆಟ್ಟದ ಬುಡದಲ್ಲಿ, ಅದರ ಹೆಸರು ಬೇಡ, ಗೇಟಿನಲ್ಲಿದ್ದವರು ನಮ್ಮ ಚೀಟಿ ನೋಡಿದರು, ಗುರುತಿನ ಚೀಟಿ ನೋಡಿದರು, ಪ್ಲಾಸ್ಟಿಕ್ ಬಾಟಲಿಗಳನ್ನು ಎಣಿಸಿಕೊಂಡರು. ಬಾಟಲಿಗಳು ವಾಪಸ್ ಬರಬೇಕೆಂದು ಠೇವಣಿಯನ್ನೂ ಇಸಿದುಕೊಂಡರು. ನಾವು ವಾಪಸ್ ಬರುವುದು ಎಷ್ಟು ಹೊತ್ತಿಗೆ ಎಂದು ಯಾರೂ ಕೇಳಲಿಲ್ಲ.

ನಡಿಗೆ ಮುಗಿಯುವ ಲೀಸ್ ಫೆರ್ರಿಯಲ್ಲಿ 1873ರಿಂದ ಐವತ್ತಕ್ಕೂ ಹೆಚ್ಚು ವರ್ಷ ದೋಣಿಯಲ್ಲಿ ಜನ, ಗಾಡಿ, ದನಕರುಗಳನ್ನು ಕೊಲರಾಡೊ ದಾಟಿಸುತ್ತಿದ್ದರು. 1928ರಲ್ಲಿ ದೋಣಿ ಮಗುಚಿ ಮೂವರು ತೀರಿಕೊಂಡರು, ಮರುವರ್ಷ ಕೆಳಗೆ ನವಾಹೊ ಸೇತುವೆ ತೆರೆಯಿತು, ದೋಣಿ ನಿಂತಿತು. ಅದನ್ನು ಓದುತ್ತ ನಿಂತಾಗ ನನಗೆ ಕಂಡದ್ದು ಹೊಳೆಬಾಗಿಲಿನ ಲಾಂಚ್. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದು ಶರಾವತಿಯ ಹಿನ್ನೀರಿನಾಚೆ ಸಿಕ್ಕಿಕೊಂಡ ಜನ ಸೇತುವೆಗಾಗಿ ಆರು ದಶಕ ಕಾದರು, 2025ರ ಜುಲೈಯಲ್ಲಿ ಅದು ಸಿಕ್ಕಿತು. ಹೆರಿಗೆ ನೋವಿನವರನ್ನು ಲಾಂಚಿಗಾಗಿ ಕಾಯಿಸಿದ ಆ ದಿನಗಳು ಬೇಕೆಂದು ದೂರದಲ್ಲಿ ಕೂತ ನಾನು ಹೇಳಿದರೆ ಅದು ಅವಿವೇಕ. ಆದರೆ ಸಂಜೆಯ ಕೊನೆಯ ಲಾಂಚಿಗೆ ಇಂಥವರು ಬರಲಿಲ್ಲವಲ್ಲ ಎಂದು ದಡದಲ್ಲಿ ಒಂದು ಮಾತು ಏಳುತ್ತಿತ್ತು. ಸೇತುವೆಯ ಮೇಲೆ ಹೋದವರ ಬಗ್ಗೆ ಹಾಗೆ ಮಾತು ಏಳುವುದಿಲ್ಲ.

ಅಮೆರಿಕದ ಪದ್ಧತಿ ಎಲ್ಲ ವಿಧದಲ್ಲಿಯೂ ಮೇಲು ಎಂದು ನನಗೇನೂ ಅನಿಸಿಲ್ಲ. ಪರಿಯಾದ ಕಚೇರಿಯಲ್ಲಿದ್ದಾಕೆ ಹವಾಮಾನದ ಹಾಳೆಯನ್ನು ನಮ್ಮತ್ತ ತಿರುಗಿಸಿ, ನಿರ್ಧಾರ ನಿಮ್ಮದು ಎಂದರು, ಅಷ್ಟೇ. ಅಜ್ಜಯ್ಯನಾಗಿದ್ದರೆ ಚೀಲವನ್ನೇ ಕಿತ್ತು ಜಗಲಿಗೆ ಇಡುತ್ತಿದ್ದರು. ಅಲ್ಲಿ ಗೊತ್ತುಮಾಡಿದ ದಿನಕ್ಕೆ ಬರದಿದ್ದರೆ ಪುಸ್ತಕ ತಾನಾಗಿ ಕೂಗಿಕೊಳ್ಳುವುದಿಲ್ಲ, ಮನೆಯವರು ಫೋನ್ ಮಾಡಿದ ಮೇಲೆಯೇ ಯಾರಾದರೂ ಅದನ್ನು ತೆರೆದು ನೋಡುವುದು. ಆದುದರಿಂದ ನಾನು ಕೇಳುವುದು ದೊಡ್ಡದೇನೂ ಅಲ್ಲ. ನಮ್ಮ ಗೇಟುಗಳಲ್ಲಿ ಬಾಟಲಿಯ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ಮರಳುವ ಹೊತ್ತನ್ನು ಬರೆಸಿಕೊಳ್ಳಲಿ, ಬಂದವರ ಹೆಸರನ್ನು ಹೊಡೆದುಹಾಕಲಿ. ಆ ಕೆಲಸಕ್ಕೆ ಹೊರಗಿನವರಿಗಿಂತ ಕೊನೆಯ ಮನೆಯವರನ್ನೇ ಸಂಬಳಕ್ಕೆ ನೇಮಿಸಿಕೊಳ್ಳಲಿ. ಹಳ್ಳದ ಬಣ್ಣ ನೋಡಿ ಇವತ್ತು ಬೇಡ ಎನ್ನುವ ಅಧಿಕಾರವೂ ಅವರಿಗಿರಲಿ.

ಆ ಡಿಸೆಂಬರಿನ ಸಂಜೆ ನಾವು ಇಳಿದು ಬಂದಾಗ ಗೇಟಿನ ಕೋಣೆಗೆ ಬೀಗ ಬಿದ್ದಿತ್ತು, ನಮ್ಮ ಠೇವಣಿ ಒಳಗೇ ಉಳಿಯಿತು. ಜೀಪು ಸಿಗದೆ ಹಳೆಯ ಕಾಲುದಾರಿಯಲ್ಲಿಯೇ ನಡೆದೆವು. ಕೆಳಗಿನ ತೋಟದಂಚಿನ ಮನೆಯ ದಣಪೆಯ ಬಳಿ ಮುದುಕಿಯೊಬ್ಬರು ಬ್ಯಾಟರಿ ಹಿಡಿದು ನಿಂತಿದ್ದರು. ಬೆಳಿಗ್ಗೆ ನಮ್ಮ ಜೀಪು ಅವರ ಬೇಲಿಯ ತಿರುವಿನಲ್ಲಿ ನಿಧಾನ ಮಾಡಿದ್ದು ನನಗೆ ನೆನಪೂ ಇರಲಿಲ್ಲ. ಬ್ಯಾಟರಿಯ ಬೆಳಕನ್ನು ಒಬ್ಬೊಬ್ಬರ ಮುಖಕ್ಕೂ ಹಿಡಿದು ನೋಡಿ, “ಬೆಳಿಗ್ಗೆ ಐದು ಜನ ಹೋಗಿದ್ರಿ, ನಾಲ್ಕೇ ಜನ ಬಂದ್ರಲ್ಲ?” ಎಂದರು. ನನ್ನ ತಂಗಿಯ ಮಗ ಬೂಟಿನ ಲಾಡಿ ಕಟ್ಟಿಕೊಳ್ಳುತ್ತ ಹಿಂದೆ ಉಳಿದಿದ್ದ. ಅವನು ಕತ್ತಲಿನಿಂದ ಹೊರಗೆ ಬರುವವರೆಗೆ ಅವರು ದಣಪೆಯ ಗಳುವಿನ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.